ಸಹಾಯ ಬೇಕು: ಜರ್ಮನ್ ಭಾಷೆಯ ಡೆರ್, ಡೀ, ಡಾಸ್ ನೆನಪಿಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ನರ್ಸ್, ಜರ್ಮನಿಗೆ ಹೋಗೋ ತಯಾರಿಯಲ್ಲಿದ್ದೀನಿ. ಭಾಷೆಯ ಹಂತಗಳಲ್ಲಿ ಎ2 ಮುಗಿದು ಈಗ ಅದರ ಮುಂದಿನ ಬಿ1 ನಡೀತಿದೆ. ಉಚ್ಚಾರಣೆ ಪರವಾಗಿಲ್ಲ, ನಾಮಪದಗಳ ಲಿಂಗದ್ದೇ ತಲೆನೋವು: ಪುಲ್ಲಿಂಗ ಆದ್ರೆ ಪದದ ಮುಂಚೆ ಡೆರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಲಿಂಗಕ್ಕೆ ಡಾಸ್.

ಕನ್ನಡದಲ್ಲಿ ಜೀವ ಇಲ್ಲದ್ದೆಲ್ಲ 'ಅದು', ಅಲ್ಲಿಗೆ ಮುಗೀತು. ಜರ್ಮನ್‌ನಲ್ಲಿ ಊಟದ ಮೇಜಿನ ಮೇಲೇ ಮೂರು ಲಿಂಗ: ಚಮಚ ಡೆರ್ ಲೋಫೆಲ್, ಫೋರ್ಕ್ ಡೀ ಗಾಬೆಲ್, ಚಾಕು ಡಾಸ್ ಮೆಸ್ಸರ್. ಯಾಕೆ ಅಂತ ಕೇಳಿದ್ರೆ ಟೀಚರ್ ನಗ್ತಾರೆ ಅಷ್ಟೇ.

ಪದದ ಕೊನೆ ನೋಡಿ ಹಿಡಿಯೋದು ಗೊತ್ತು. 'ಉಂಗ್', 'ಹೈಟ್', 'ಕೈಟ್' ಪ್ರತ್ಯಯ ಬಂದ್ರೆ ಡೀ. ಜೋಡಿಪದಕ್ಕೆ ಕೊನೇ ಪದದ ಲಿಂಗ. ಹಾಗಾಗಿ ಆಸ್ಪತ್ರೆ ಡಾಸ್ ಕ್ರಾಂಕೆನ್‌ಹೌಸ್, ಆಂಬುಲೆನ್ಸ್ ಡೆರ್ ಕ್ರಾಂಕೆನ್‌ವಾಗೆನ್. ಇಂಥವು ಸುಲಭ. ದಿನಬಳಕೆಯ ಚಿಕ್ಕ ಪದಗಳೇ ಕೈಕೊಡೋದು. ಅದರ ಮೇಲೆ ವಿಭಕ್ತಿ ಬೇರೆ: 'ಮಿಟ್' (ಅಂದ್ರೆ 'ಜೊತೆ', 'ಇಂದ') ಬಂದ ತಕ್ಷಣ ಡೀ ಗಾಬೆಲ್ ಹೋಗಿ 'ಮಿಟ್ ಡೆರ್ ಗಾಬೆಲ್' ಆಗುತ್ತೆ, ಡೆರ್ ಲೋಫೆಲ್ 'ಮಿಟ್ ಡೆಮ್ ಲೋಫೆಲ್' ಆಗುತ್ತೆ. ಬರೆಯುವಾಗ ಯೋಚಿಸಬಹುದು, ಮಾತಾಡುವಾಗ ಅಷ್ಟು ಪುರುಸೊತ್ತು ಎಲ್ಲಿ?

ಲಿಂಗಕ್ಕೊಂದು ಬಣ್ಣದ ಕಾರ್ಡ್ ಮಾಡಿಕೊಂಡು ಕಲಿತವರು ಯಾರಾದ್ರೂ ಇದ್ದೀರಾ? ಅಥವಾ ಬಿಡಿ ಪದ ಬಿಟ್ಟು ಪೂರ್ತಿ ವಾಕ್ಯವನ್ನೇ ಬಾಯಿಪಾಠ ಮಾಡೋದು ವಾಸಿಯಾ? ಅಲ್ಲಿನ ವಾರ್ಡ್‌ಗಳಲ್ಲಿ ಕೆಲಸ ಮಾಡ್ತಿರೋ ಕನ್ನಡದವರು ಇದೊಂದು ಹೇಳಿ: ಲಿಂಗ ತಪ್ಪಿದ್ರೆ ರೋಗಿಗಳಿಗೆ ಅರ್ಥ ಆಗುತ್ತಾ? ಮೊದಲು ಯಾವ ಪದಗಳನ್ನ ಗಟ್ಟಿ ಮಾಡ್ಕೋಬೇಕು? ವಾರ್ಡ್‌ಗೆ ಬೇಕಾದ ಪದಗಳನ್ನ ಡೆರ್, ಡೀ, ಡಾಸ್ ಸಮೇತ ಬರೆದಿಟ್ಟುಕೊಂಡಿದ್ರೆ ದಯವಿಟ್ಟು ಫೋಟೋ ಹಾಕಿ.