ಮೂರು ಸರ್ವರ್‌ಗಳ ಕ್ಲಸ್ಟರನ್ನು ಹಿಗ್ಗಿಸುವುದು, ಕುಗ್ಗಿಸುವುದು

ಪ್ರಶ್ನೆ (ಚಿಕ್ಕಮಗಳೂರಿನಿಂದ):
ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೂರು ಸರ್ವರ್‌ಗಳ ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಗುಂಪು) ಇದೆ. ಕೊಯ್ಲಿನ ತಿಂಗಳುಗಳಲ್ಲಿ ಲೆಕ್ಕಪತ್ರದ ಹೊರೆ ಏರುವುದರಿಂದ ನಾಲ್ಕನೆಯದನ್ನು ಸೇರಿಸಿ, ಮಳೆಗಾಲದಲ್ಲಿ ಎರಡಕ್ಕೆ ಇಳಿಸಬೇಕೆಂದಿದ್ದೇನೆ. ಕೆಲಸ ನಿಲ್ಲದಂತೆ ಮಾಡುವುದು ಹೇಗೆ?

ಉತ್ತರ (ಹಾಸನದಿಂದ):
ಸರ್, ನಾಲ್ಕನೆಯದರಿಂದ ವೇಗ ಹೆಚ್ಚಬಹುದು, ಆದರೆ ಯಂತ್ರ ಕೆಟ್ಟರೂ ನಡೆಯುವ ತಾಳಿಕೆ ಹೆಚ್ಚುವುದಿಲ್ಲ. ಪ್ರತಿ ಸರ್ವರಿಗೂ ಒಂದು ಮತ, ಕ್ಲಸ್ಟರ್ ನಡೆಯಲು ಬಹುಮತ ಬೇಕು: ಮೂರರಲ್ಲಿ ಎರಡು ಮತ ಬೇಕು, ನಾಲ್ಕರಲ್ಲಿ ಮೂರು ಬೇಕು. ಆದ್ದರಿಂದ ಎರಡರಲ್ಲೂ ಒಂದೇ ಯಂತ್ರ ಕೆಡುವಷ್ಟಕ್ಕೆ ಮಾತ್ರ ಅವಕಾಶವಿದೆ, ಎರಡು ಕೆಟ್ಟರೂ ನಡೆಯಬೇಕೆಂದರೆ ಐದು ಬೇಕು. ಎರಡಕ್ಕೆ ಇಳಿಸುವುದನ್ನಂತೂ ದಯವಿಟ್ಟು ಬಿಡಿ: ಒಂದು ನಿಂತರೆ ಉಳಿದದ್ದಕ್ಕೆ ಬಹುಮತವಿಲ್ಲದೆ ಅದೂ ನಿಲ್ಲುತ್ತದೆ. ಅನಿವಾರ್ಯವಾದರೆ ಮತ ಹಾಕುವುದಕ್ಕೆಂದೇ ಒಂದು ಸಣ್ಣ ಯಂತ್ರವನ್ನು ಸಾಕ್ಷಿಯಾಗಿಡಿ. ಯಾವುದನ್ನೇ ತೆಗೆಯುವಾಗಲೂ ಮೊದಲು ಅದರ ಕೆಲಸವನ್ನೂ ದತ್ತಾಂಶವನ್ನೂ ಬೇರೆಯವಕ್ಕೆ ಸಾಗಿಸಿ, ಪ್ರತಿಗಳು ಪೂರ್ತಿಯಾದುದನ್ನು ಕಂಡು, ಸದಸ್ಯರ ಪಟ್ಟಿಯಿಂದ ಅಳಿಸಿದ ಮೇಲೆಯೇ ವಿದ್ಯುತ್ ತೆಗೆಯಿರಿ.

ಇನ್ನೊಂದು ಉತ್ತರ (ಸಕಲೇಶಪುರದಿಂದ):
ಪವರ್ ಸಪ್ಲೈಯನ್ನು ಮರೆಯಬೇಡಿ. ನಾನು ಜೋಡಿ ಸಪ್ಲೈ (ಒಂದು ಕೆಟ್ಟರೆ ಇನ್ನೊಂದು ನಡೆಸಲೆಂದು) ಇದ್ದ ಸರ್ವರಿಗೆ ಡಿಸ್ಕುಗಳನ್ನು ತುಂಬುತ್ತಾ ಹೋದೆ. ಒಟ್ಟು ಹೊರೆ ಒಂದರ ಸಾಮರ್ಥ್ಯವನ್ನು ಮೀರಿದ್ದು, ಮಳೆಯ ರಾತ್ರಿ ಒಂದು ಸಪ್ಲೈ ಕೆಟ್ಟು ಇನ್ನೊಂದೂ ಆರಿಹೋದಾಗಲೇ ತಿಳಿಯಿತು. ರೇಡ್ 5ರಲ್ಲಿ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ವಿಧಾನ) ಒಂದು ಡಿಸ್ಕ್ ಕೆಟ್ಟಿರುವಾಗ ವಿಸ್ತರಣೆಗೆ ಕೈಹಾಕಬೇಡಿ. ಬದಲಿಸುವಾಗ ಕೆಟ್ಟ ಡಿಸ್ಕನ್ನು ತೋರಿಸುವ ಕಿತ್ತಳೆ ದೀಪವನ್ನಷ್ಟೇ ನಂಬದೆ, ಡಿಸ್ಕಿನ ಕ್ರಮಸಂಖ್ಯೆಯನ್ನು ಓದಿ ಹೊರಗೆಳೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮೂರನ್ನು ಹಾಗೆಯೇ ಉಳಿಸಿಕೊಂಡು, ಮೆಮೊರಿ ಹೆಚ್ಚಿಸುವ ಮೊದಲು ಸಪ್ಲೈಗಳ ವ್ಯಾಟ್ ಲೆಕ್ಕ ಹಾಕುತ್ತೇನೆ.