ಡಾರ್ನಿಯರೋ ಕಿಂಗ್ ಏರೋ: ಬಲ್ಲವರು ಹೇಳಿ

ಕಡಲಹಕ್ಕಿ: ಮಾಲ್ಡೀವ್ಸ್‌ನಂಥ ಪುಟ್ಟ ದ್ವೀಪದೇಶದ ಕಡಲ ಕಾವಲಿಗೆ ಯಾವುದು ಸರಿ? ಭಾರತ ಕೊಡೋ ಡಾರ್ನಿಯರ್ 228, ಅಮೆರಿಕದ ಕಿಂಗ್ ಏರ್ ವಿಮಾನ, ಇಲ್ಲಾ ಡ್ರೋನ್? ಸೆಮಿನಾರ್‌ಗೆ ಬೇಕಿತ್ತು.

ಹಳೇ ಹ್ಯಾಂಗರ್: ಡಾರ್ನಿಯರ್. 2013ರಲ್ಲಿ ಸೆಶೆಲ್ಸ್‌ಗೆ ಹೋದದ್ದರಲ್ಲಿ 360 ಡಿಗ್ರಿ ರೇಡಾರ್, ಇನ್‌ಫ್ರಾರೆಡ್ ಕ್ಯಾಮೆರಾ ಎಲ್ಲ ಇತ್ತು. ಕಾಟ ಕೊಡೋದು ಉಪ್ಪು. ಸಮುದ್ರದ ಮೇಲೆ ತಗ್ಗಿನಲ್ಲಿ ಹಾರಿ ಬಂದ ದಿನವೇ ಇಂಜಿನ್ನಿನ ಕಂಪ್ರೆಸರ್ ತೊಳೀಬೇಕು, ಅದೂ ಖನಿಜ ತೆಗೆದ ನೀರಲ್ಲಿ. ಬೋರ್‌ವೆಲ್ ನೀರು ಬಿಟ್ಟರೆ ಬ್ಲೇಡ್ ಮೇಲೆ ಬಿಳಿ ಪದರ ಕೂರುತ್ತೆ.

ಡಾರ್ನಿಯರ್‌ನ ಗ್ಯಾರೆಟ್ ಇಂಜಿನ್‌ನಲ್ಲಿ ಪ್ರೊಪೆಲ್ಲರ್ ಗೇರ್ ಮೂಲಕ ಮುಖ್ಯ ಶಾಫ್ಟಿಗೇ ಕಟ್ಟಿಕೊಂಡಿರುತ್ತೆ. ಆಫ್ ಮಾಡುವಾಗ ಬ್ಲೇಡು ಸ್ಟಾರ್ಟ್ ಲಾಕ್ (ಬ್ಲೇಡನ್ನ ಚಪ್ಪಟೆ ಕೋನದಲ್ಲಿ ಹಿಡಿಯೋ ಪಿನ್) ಮೇಲೆ ಕೂರಲೇಬೇಕು. ತಪ್ಪಿತೋ, ಫೆದರ್ ಆಗಿ, ಅಂದ್ರೆ ಬ್ಲೇಡಿನ ಅಂಚು ಎದುರುಗಾಳಿಗೆ ತಿರುಗಿ ನಿಲ್ಲುತ್ತೆ. ಹಾಗೇ ಸ್ಟಾರ್ಟ್ ಕೊಟ್ಟರೆ ಮಜ್ಜಿಗೆ ಕಡೆದ ಹಾಗೆ ಗಾಳಿ ಕಡೆಯುತ್ತೆ, ಆರ್‌ಪಿಎಂ ಏರಲ್ಲ, ಇಜಿಟಿ (ಹೊರಬರೋ ಅನಿಲದ ಬಿಸಿ) ಮಿತಿ ದಾಟುತ್ತೆ, ಟರ್ಬೈನ್ ಹೋಯ್ತು. ಮೊದಲು ಅನ್‌ಫೆದರ್ ಪಂಪ್ ಒತ್ತಿ ಬ್ಲೇಡನ್ನ ಲಾಕ್‌ಗೆ ತನ್ನಿ.

ಪಿಟಿ6 ಭಕ್ತ: ಈ ಗೋಳೇ ಕಿಂಗ್ ಏರ್‌ನಲ್ಲಿಲ್ಲ. ಅದರ ಪಿಟಿ6 ಇಂಜಿನ್‌ನಲ್ಲಿ ಪ್ರೊಪೆಲ್ಲರ್ ತಿರುಗಿಸೋ ಟರ್ಬೈನೇ ಬೇರೆ, ಫೆದರ್‌ನಲ್ಲೇ ಸ್ಟಾರ್ಟ್ ಆಗುತ್ತೆ. ಡಾರ್ನಿಯರ್ ಕ್ಯಾಬಿನ್‌ಗೆ ಪ್ರೆಷರ್ ಬೇರೆ ಇಲ್ಲ. 10,000 ಅಡಿ ದಾಟಿ ಹಾರುತ್ತಿರಬೇಕಾದರೆ ಮೂಗಿಗೆ ಆಕ್ಸಿಜನ್. ಎತ್ತರ ಹೋದಷ್ಟೂ ರೇಡಾರ್‌ಗೆ ದೂರ ಕಾಣುತ್ತೆ. ಎತ್ತರದ ಅಡಿಗೆ ವರ್ಗಮೂಲ ತೆಗೆದು 1.23ರಿಂದ ಗುಣಿಸಿ, ರೇಡಾರ್ ದಿಗಂತ ನಾಟಿಕಲ್ ಮೈಲಿಯಲ್ಲಿ ಸಿಗುತ್ತೆ: 10,000ಕ್ಕೆ 123, 25,000ಕ್ಕೆ 194. ಶ್ರೀಲಂಕಾಕ್ಕೆ 2022ರ ಆಗಸ್ಟ್ 15ರಂದು ಕೊಟ್ಟ ಡಾರ್ನಿಯರ್ ವರ್ಷಕ್ಕೇ ರಿಪೇರಿಗೆ ವಾಪಸ್ ಹೋಯ್ತಲ್ಲ?

ಹಳೇ ಹ್ಯಾಂಗರ್: ರಿಪೇರಿ ಅಲ್ಲ ಸ್ವಾಮಿ, ವಾರ್ಷಿಕ ಮೇಂಟೆನೆನ್ಸ್. ಬದಲಿಗೆ ಇನ್ನೊಂದು ಕೊಟ್ಟರು. ಅರ್ಧಂಬರ್ಧ ಹೇಳಬೇಡಿ.

ಮುರುಗೇಶ್‌ಪಾಳ್ಯ: ಇಬ್ಬರೂ ಇಂಜಿನ್ ಹಿಡ್ಕೊಂಡು ಕೂತಿದ್ದೀರಿ, ಹಾರಿಸೋರು ಯಾರು? 2024ರ ಮೇ 10ರೊಳಗೆ ಭಾರತದ ಸೈನಿಕರು ಮಾಲ್ಡೀವ್ಸ್ ಬಿಟ್ಟರು, ಅವರ ಜಾಗಕ್ಕೆ ಡಾರ್ನಿಯರ್ ಕಟ್ಟೋ ಎಚ್‌ಎಎಲ್‌ನ ಸಿವಿಲಿಯನ್ನರು. ಅದೇ ತಿಂಗಳು ಅಲ್ಲಿನ ರಕ್ಷಣಾ ಸಚಿವ ಘಸ್ಸಾನ್ ಮೌಮೂನ್, ಭಾರತ ಕೊಟ್ಟ ಡಾರ್ನಿಯರ್ ಮತ್ತು ಎರಡು ಹೆಲಿಕಾಪ್ಟರ್ ಹಾರಿಸಬಲ್ಲ ಪೈಲಟ್ ತಮ್ಮ ಸೇನೆಯಲ್ಲಿಲ್ಲ ಅಂತ ಒಪ್ಪಿಕೊಂಡರು.

ಪಿಟಿ6 ಭಕ್ತ: ಎಚ್‌ಎಎಲ್ ನಂಬಿದ್ದರ ಫಲ ಈಕ್ವೆಡಾರನ್ನ ಕೇಳಿ. ಎಚ್‌ಎಎಲ್‌ನ 7 ಧ್ರುವ್ ಹೆಲಿಕಾಪ್ಟರ್ ತಗೊಂಡರು, 4 ಬಿದ್ದವು, 2015ರಲ್ಲಿ ಒಪ್ಪಂದ ರದ್ದು.

ಮುರುಗೇಶ್‌ಪಾಳ್ಯ: ಯಂತ್ರದ ದೋಷ ಅಂದದ್ದು ಎರಡಕ್ಕೆ ಮಾತ್ರ. ಕೇಳಿದ್ದು ಕಡಲ ಕಾವಲು, ಹೆಲಿಕಾಪ್ಟರ್ ಯಾಕೆ ಎಳೀತೀರಿ?

ಕಡಲಹಕ್ಕಿ: ಡ್ರೋನ್ ಬಗ್ಗೆ ಯಾರಾದರೂ...

ಹಳೇ ಹ್ಯಾಂಗರ್: ಒಂದು ಬಿಟ್ಟುಹೋಗಿತ್ತು. ಗ್ಯಾರೆಟ್ ಆಫ್ ಆದಮೇಲೆ ಪ್ರೊಪೆಲ್ಲರನ್ನ ಕೈಯಲ್ಲಿ ಒಂದಷ್ಟು ಸುತ್ತು ತಿರುಗಿಸಿ. ಇಲ್ಲದಿದ್ದರೆ ಒಳಗಿನ ಬಿಸಿ ಮೇಲಕ್ಕೇರಿ ಶಾಫ್ಟ್ ಬಾಗುತ್ತೆ.