ಬೀದಿಬದಿಯ ಹಸಿರು: ತಪ್ಪು ಪೂರೈಕೆಯ ಲೆಕ್ಕದಲ್ಲಿದೆಯೇ, ಬೇಡಿಕೆಯ ಲೆಕ್ಕದಲ್ಲಿದೆಯೇ?

ಪ್ರಶ್ನೆ:
ಬೀದಿಗಳ ಹಸಿರನ್ನು ಉಪಗ್ರಹ ಚಿತ್ರಗಳಿಂದ ಅಳೆದು, ಬಡಾವಣೆವಾರು ಜನಸಂಖ್ಯೆಯೊಂದಿಗೆ ಹೋಲಿಸಿ, ಸಸಿಗಳನ್ನು ಮೊದಲು ಎಲ್ಲಿ ನೆಡಬೇಕೆಂಬ ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೇನೆ. ಆದರೆ ನಕ್ಷೆಯಲ್ಲಿ ದಟ್ಟ ಹಸಿರಾಗಿ ಕಾಣುವ ಕೆಲವು ಬೀದಿಗಳಿಗೆ ಹೋಗಿ ನೋಡಿದರೆ, ನಡೆಯುವವರ ತಲೆಯ ಮೇಲೆ ನೆರಳೇ ಇಲ್ಲ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ 1:
ಪೂರೈಕೆ (ಬೀದಿಯಲ್ಲಿ ಹಸಿರು ಎಷ್ಟಿದೆ), ಬೇಡಿಕೆ (ಅದು ಎಷ್ಟು ಜನರಿಗೆ ಬೇಕಾಗಿದೆ) ಎರಡೂ ಕಡೆ ಎಡವಿದ್ದೀರಿ ಎನ್ನಬೇಕಾಗುತ್ತದೆ. ಸೆಂಟಿನೆಲ್-2 ಉಪಗ್ರಹದ ಚಿತ್ರದ ಅತಿ ಸ್ಪಷ್ಟ ಬಣ್ಣಪಟ್ಟಿಗಳಲ್ಲೂ (ಬ್ಯಾಂಡ್) ಒಂದು ಚೌಕದ (ಪಿಕ್ಸೆಲ್) ಬದಿ 10 ಮೀಟರ್, ಲ್ಯಾಂಡ್‌ಸ್ಯಾಟ್‌ನಲ್ಲಿ ಹಸಿರನ್ನು ಅಳೆಯುವ ಬಣ್ಣಪಟ್ಟಿಗಳಲ್ಲಿ 30 ಮೀಟರ್. ಹೀಗಾಗಿ ಕಾಂಪೌಂಡಿನೊಳಗಿನ ಹುಲ್ಲುಹಾಸು, ಕಾಲುದಾರಿ, ಡಾಂಬರು ಎಲ್ಲವೂ ಒಂದೇ ಚೌಕದಲ್ಲಿ ಬೆರೆತು, ಬೀದಿಗೆ ಸೇರದ ಹಸಿರು ಬೀದಿಯ ಖಾತೆಗೆ ಜಮೆಯಾಗುತ್ತದೆ. ಬೀದಿಯಲ್ಲಿ ನಿಂತು ತೆಗೆದ ಚಿತ್ರಗಳಲ್ಲಿ ಹಸಿರಿನ ಪಾಲೆಷ್ಟೆಂದು ಎಣಿಸುವ 'ಗ್ರೀನ್ ವ್ಯೂ ಇಂಡೆಕ್ಸ್' ಕಣ್ಣಿಗೆ ಕಾಣುವುದಕ್ಕೆ ಹತ್ತಿರವಾದ ಅಳತೆ. (ಗೋಡೆಗೆ ಹಬ್ಬಿದ ಬಳ್ಳಿಯೂ ಅದರಲ್ಲಿ ಅಂಕ ಗಳಿಸುತ್ತದೆ, ನೆರಳನ್ನು ಮಾತ್ರ ಕೊಡುವುದಿಲ್ಲ.)

ಬೇಡಿಕೆಯ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ಜನಸಂಖ್ಯೆಯ ಅಂಕಿ ಜನರು ರಾತ್ರಿ ಎಲ್ಲಿ ಮಲಗುತ್ತಾರೆಂಬುದನ್ನು ಹೇಳುತ್ತದೆಯೇ ಹೊರತು ಮಧ್ಯಾಹ್ನ ಎಲ್ಲಿ ನಡೆಯುತ್ತಾರೆ, ಎಲ್ಲಿ ಬಸ್ಸಿಗಾಗಿ ಕಾಯುತ್ತಾರೆ ಎಂಬುದನ್ನಲ್ಲ. ಅಂಗಡಿ ಬೀದಿಯಲ್ಲಿ ವಾಸಿಸುವವರು ಬೆರಳೆಣಿಕೆಯಷ್ಟಿದ್ದರೂ ಹಾದುಹೋಗುವವರು ಸಾವಿರಾರು ಇರಬಹುದು. ಪಾದಚಾರಿಗಳ ಎಣಿಕೆಯನ್ನು, ಅದು ಸಿಗದಿದ್ದರೆ ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆಗಳ ಸಾಮೀಪ್ಯವನ್ನು ಆಧರಿಸಿ, ಮಕ್ಕಳು ಮತ್ತು ವೃದ್ಧರಿಗೆ ಹೆಚ್ಚು ತೂಕ ಕೊಟ್ಟು ನೋಡಿ.

ಉತ್ತರ 2:
ಮೇಲಿನ ಮಾತಿಗೆ ನನ್ನದೊಂದು ಸೇರ್ಪಡೆ. ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ 3-30-300 ಸೂತ್ರವನ್ನು (ಪ್ರತಿ ಮನೆಯಿಂದ ಮೂರು ಮರಗಳು ಕಾಣಬೇಕು, ಬಡಾವಣೆಯ ಶೇ 30ರಷ್ಟು ಭಾಗದ ಮೇಲೆ ಮರಗಳ ಹರವಿರಬೇಕು, ಹತ್ತಿರದ ಉದ್ಯಾನ 300 ಮೀಟರಿಗಿಂತ ದೂರವಿರಬಾರದು) ಹಲವರು ಮಾನದಂಡವಾಗಿ ಬಳಸುತ್ತಾರೆ. ಆದರೆ ಒಂದು ದೊಡ್ಡ ಉದ್ಯಾನವಿದ್ದರೆ ಬೀದಿಗಳು ಬೋಳಾಗಿದ್ದರೂ ಶೇ 30 ತುಂಬಿಬಿಡಬಹುದು. ಆದ್ದರಿಂದ ಬಡಾವಣೆಯ ಸರಾಸರಿಯನ್ನು ಬಿಟ್ಟು, ಒಂದು ತಿರುವಿನಿಂದ ಮುಂದಿನ ತಿರುವಿನವರೆಗಿನ ಬೀದಿಯ ತುಣುಕನ್ನೇ ಲೆಕ್ಕದ ಘಟಕವನ್ನಾಗಿ ಮಾಡಿಕೊಳ್ಳಿ.

ಉತ್ತರ 3:
ಹೀಗೆ ಲೆಕ್ಕ ಹಾಕಿದಾಗ ಬೇಡಿಕೆ ಹೆಚ್ಚಿದ್ದು ಹಸಿರು ಕಡಿಮೆಯಿರುವ ತುಣುಕುಗಳೇ ಪಟ್ಟಿಯ ಮೇಲ್ಭಾಗಕ್ಕೆ ಬರುತ್ತವೆ; ನೆಲದ ಕೆಳಗೆ ಕೊಳವೆ, ಕೇಬಲ್ಲುಗಳು ತುಂಬಿ ಬೇರಿಗೆ ಜಾಗವಿಲ್ಲದ ಬೀದಿಗಳೂ ಬಹುಮಟ್ಟಿಗೆ ಅವೇ. ಅಲ್ಲಿ ವಾಹನ ನಿಲುಗಡೆಯ ಒಂದೆರಡು ಜಾಗಗಳನ್ನು ಮರದ ಪಾತಿಗೆ ಬಿಟ್ಟುಕೊಡಬೇಕು, ಇಲ್ಲವೇ ಸಮಾನಾಂತರವಾದ ಬೀದಿಯನ್ನು ನೆರಳಿನ ದಾರಿಯಾಗಿಸಬೇಕು. ಸಸಿ ನೆರಳು ಕೊಡಲು ವರ್ಷಗಳೇ ಬೇಕಾಗುವುದರಿಂದ, ಅಂಥ ಬೀದಿಯಲ್ಲಿ ಈಗಾಗಲೇ ನಿಂತಿರುವ ಮರವನ್ನು ಉಳಿಸಿಕೊಳ್ಳುವುದನ್ನು ನಿಮ್ಮ ಪಟ್ಟಿಯ ಮೊದಲ ಸಾಲಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬೀದಿ ತುಣುಕುಗಳ ಲೆಕ್ಕದಿಂದ ಮತ್ತೆ ಆರಂಭಿಸುತ್ತೇನೆ. ಪಾದಚಾರಿಗಳನ್ನು ಎಣಿಸಲು ದಿನದ ಯಾವ ಹೊತ್ತನ್ನು ಆರಿಸಿಕೊಳ್ಳಬೇಕು?

ಉತ್ತರ 1:
ಬಿಸಿಲು ನೆತ್ತಿಗೇರಿದ ಹೊತ್ತನ್ನು, ಜೊತೆಗೆ ಶಾಲೆ ಬಿಡುವ ಹೊತ್ತನ್ನು. ಬೆಳಗಿನ ವಾಯುವಿಹಾರದ ಎಣಿಕೆಯನ್ನಂತೂ ನಂಬಬೇಡಿ. ವಿಹಾರಕ್ಕೆ ಹೊರಡುವವರು ಆಗಲೇ ಮರಗಳಿರುವ ಬೀದಿಯನ್ನೇ ಹುಡುಕಿಕೊಂಡು ಹೋಗಿರುತ್ತಾರೆ.